ಟೀಪಾಟಿನ ಪಾಲು

ಎರಡು ಔನ್ಸ್ ಅಂದರೆ ಸುಮಾರು 57 ಗ್ರಾಂ. ಮೊನ್ನೆ ಅಷ್ಟು ಚಹಾಪುಡಿಯನ್ನು ತೂಗಿ ಡಬ್ಬಿಗೆ ಸುರಿದೆ. ಅರ್ಧವೂ ತುಂಬಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಒಬ್ಬರಿಗೆ ಇಡೀ ವಾರಕ್ಕೆ ಇಷ್ಟೇ ಚಹಾ. ನಾನೂ ಒಂದು ವಾರ ಇದರಲ್ಲೇ ಕಳೆಯುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಯಾರೂ ನಂಬಲಿಲ್ಲ.

ಅಲ್ಲಿ ರೇಷನ್ ಶುರುವಾದದ್ದು 1940ರ ಜನವರಿ 8ರಂದು. ಮೊದಲು ಬೆಣ್ಣೆ, ಸಕ್ಕರೆ, ಬೇಕನ್. ಆ ದೇಶದ ಊಟ ಬಹುಪಾಲು ಹಡಗಿನಲ್ಲೇ ಬರಬೇಕಿತ್ತು. ಹಡಗುಗಳನ್ನು ಜರ್ಮನ್ ಸಬ್‌ಮರೀನ್‌ಗಳು ಮುಳುಗಿಸುತ್ತಿದ್ದವು. ಜುಲೈನಲ್ಲಿ ಚಹಾದ ಸರದಿ ಬಂತು. ಬೆಣ್ಣೆ ಕಡಿಮೆಯಾದರೆ ಬ್ರೆಡ್ಡಿಗೆ ತೆಳ್ಳಗೆ ಸವರಬಹುದು. ಚಹಾ ತೆಳ್ಳಗಾದರೆ ಅದು ಬರೀ ಬಿಸಿನೀರು. ಕಾಫಿಗೆ ಮಾತ್ರ ರೇಷನ್ ಇರಲೇ ಇಲ್ಲ. ಆದರೂ ಜನ ಹಂಬಲಿಸಿದ್ದು ಚಹಾಕ್ಕೇ. ಕಾಫಿ ಪಕ್ಷದವರು ಬೇಕಾದರೆ ಇಲ್ಲಿ ನಗಬಹುದು.

ಅಲ್ಲಿನವರ ಹಳೆಯ ಲೆಕ್ಕವೊಂದಿತ್ತು: ತಲೆಗೊಂದು ಚಮಚ, ಟೀಪಾಟಿಗೂ ಒಂದು ಚಮಚ. ಪಾತ್ರೆ ಏನು ಕುಡಿಯುತ್ತದೆಯೋ! ಆಹಾರ ಸಚಿವಾಲಯ ಕೈಹಾಕಿದ್ದು ಅಲ್ಲಿಗೇ. ತಲೆಗೊಂದು ಸಾಕು, ಪಾಟಿಗೆ ಬೇಡ ಎಂದಿತು. ಯುದ್ಧಕಾಲದ ಬುದ್ಧಿಮಾತುಗಳಲ್ಲಿ ನನಗೆ ಇದೇ ಅಚ್ಚುಮೆಚ್ಚು. ಯಾರ ಹೆಸರಿಗೂ ಸೇರದ, ಸುಮ್ನೆ ಇರಲಿ ಅಂತ ಹಾಕುತ್ತಿದ್ದ ಒಂದು ಚಮಚ. ಲೆಕ್ಕ ಶುರುವಾದ ಕೂಡಲೇ ಮೊದಲು ಹೋಗುವುದು ಅದೇ, ಅಲ್ವಾ?

ವಯಸ್ಸಿಗೂ ಲೆಕ್ಕವಿತ್ತು. 1942ರಲ್ಲಿ ಐದು ವರ್ಷದೊಳಗಿನ ಮಕ್ಕಳ ಚಹಾ ನಿಂತಿತು. ಅಂದರೆ, ಅದಕ್ಕೂ ಮೊದಲು ತೊಟ್ಟಿಲ ಕೂಸಿನ ಹೆಸರಲ್ಲೂ ಎರಡು ಔನ್ಸ್ ಬರುತ್ತಿತ್ತು. ಅದನ್ನು ಯಾರು ಕುಡಿಯುತ್ತಿದ್ದರು ಎಂದು ಕೇಳಬೇಡಿ. 1944ರ ಕೊನೆಗೆ ಎಪ್ಪತ್ತು ದಾಟಿದವರಿಗೆ ಮೂರು ಔನ್ಸ್ ಮಾಡಿದರು. ಮನೆಯಲ್ಲಿ ಅಜ್ಜನ ಮರ್ಯಾದೆಯೂ ಒಂದು ಔನ್ಸ್ ಜಾಸ್ತಿಯಾಗಿರಬೇಕು.

1945ರಲ್ಲಿ ಯುದ್ಧ ಮುಗಿಯಿತು, ಚಹಾದ ರೇಷನ್ ಮುಗಿಯಲಿಲ್ಲ. ಅದು ಹೋದದ್ದು 1952ರ ಅಕ್ಟೋಬರಿನಲ್ಲಿ. ಗೆದ್ದ ಮೇಲೂ ಏಳು ವರ್ಷ ಚಮಚ ಎಣಿಸಿದರು. ನನ್ನ ಯುದ್ಧ ಇನ್ನೂ ಚಿಕ್ಕದು. ಗುರುವಾರ ಬೆಳಿಗ್ಗೆ ನೋಡಿದರೆ ಡಬ್ಬಿಯಲ್ಲಿ ಉಳಿದದ್ದು ಎರಡೇ ಚಮಚ. ಬಳಸಿದ ಪುಡಿಯನ್ನೇ ಇನ್ನೊಮ್ಮೆ ಕುದಿಸಿದೆ. ಬಣ್ಣ ಬಂತು, ಬೇರೇನೂ ಬರಲಿಲ್ಲ.

ಅಂದು ಸಂಜೆಯೇ ನೆಂಟರು ಬಂದರು. ರೇಷನ್ ಕಾಲದ ಬ್ರಿಟನ್ನಿನಲ್ಲಿ ಬೇರೆಯವರ ಮನೆಗೆ ಹೋಗುವವರು ತಮ್ಮ ಪಾಲಿನ ಚಹಾ, ಸಕ್ಕರೆಯನ್ನು ಕಟ್ಟಿಕೊಂಡು ಹೋಗುವುದಿತ್ತು. ನಮ್ಮವರು ಕೈಬೀಸಿಕೊಂಡು ಬಂದಿದ್ದರು, ಮೂರು ಜನ. ನಾನು ಅಡುಗೆಮನೆಯಲ್ಲಿ ಡಬ್ಬಿ ಹಿಡಿದು ನಿಂತೆ. ಹಿಂದಿನಿಂದ ಮನೆಯವಳ ದನಿ: "ದೊಡ್ಡ ಡಬ್ಬಿ ಮೇಲಿದೆ, ತಗೊಳ್ಳಿ."