ಕುಡಿದು ವಾಹನ ಓಡಿಸಿದವರಿಗೆ ಚಿಕಿತ್ಸೆ ಕಡ್ಡಾಯವಾಗಬೇಕೆ?

ಪರ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ರಾತ್ರಿ ತಪಾಸಣೆಗೆ ಸಿಕ್ಕ ಬೈಕ್ ಸವಾರನ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದೆ ಎಂದು ಯಂತ್ರ ತೋರಿಸಿದರೆ, ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೆಯ ಸಲ ಸಿಕ್ಕವನು ಬೇರೆ ಬಗೆಯವನಿರಬಹುದು ಎಂಬುದು ಕಾಯ್ದೆಗೆ ಗೊತ್ತಿದೆ; ಅವನು ಮತ್ತೆ ಏಕೆ ಕುಡಿದು ಬಂದ ಎಂಬ ಪ್ರಶ್ನೆಯನ್ನು ಮಾತ್ರ ಅದು ಕೇಳುವುದಿಲ್ಲ.

ಆ ಪ್ರಶ್ನೆ ಕೇಳಲೇಬೇಕು. ಮದುವೆ ಮನೆಯಲ್ಲಿ ಗೆಳೆಯರ ಒತ್ತಾಯಕ್ಕೆ ಕುಡಿದು ಗಾಡಿ ಹತ್ತಿದವನೂ, ಬೆಳಿಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಿಸಿಕೊಳ್ಳಲು ಕುಡಿಯಲೇಬೇಕಾದವನೂ ಒಂದೇ ರಸೀದಿ ಪಡೆದು ಹೊರಗೆ ಬರುತ್ತಾರೆ. ಮೊದಲನೆಯವನಿಗೆ ಕೆಲವು ಗಂಟೆಗಳ ತಿಳಿವಳಿಕೆ ಸಾಕಾದೀತು. ಎರಡನೆಯವನಿಗೆ ದಂಡದ ಭಯವೂ ನಾಟದು, ಬುದ್ಧಿಮಾತೂ ನಾಟದು; ಅವನಿಗೆ ಬೇಕಾದದ್ದು ವೈದ್ಯರು. ಇಬ್ಬರನ್ನೂ ಬೇರ್ಪಡಿಸಿ ನೋಡಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯಿದ್ದು, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರೂ ಕೆಲವೇ ನಿಮಿಷಗಳಲ್ಲಿ ಅದನ್ನು ಕೇಳಿ ಮುಗಿಸಬಹುದು.

ದಂಡವನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ನೋಡಬೇಕು. ಎ.ಪಿ.ಎಂ.ಸಿ.ಯಲ್ಲಿ ಚೀಲ ಹೊರುವ ಹಮಾಲಿಯ ಜೇಬಿನಲ್ಲಿ 10,000 ರೂಪಾಯಿ ಇರುವುದಿಲ್ಲ. ಹೆಂಡತಿ ಸಂಘದ ಸಾಲ ಎತ್ತಿ ಬೈಕ್ ಬಿಡಿಸುತ್ತಾಳೆ, ವಾರವಾರ ಕಂತು ಕಟ್ಟುತ್ತಾಳೆ, ಅದೇ ಬೈಕ್ ಮರುವಾರ ಅದೇ ಅಂಗಡಿಯ ಮುಂದೆ ನಿಂತಿರುತ್ತದೆ. ಆ ಹೆಣ್ಣುಮಗಳ ಕಂತಿಗಾದರೂ ಒಂದು ಫಲ ಬೇಡವೇ?

ಇದು ನಮ್ಮ ಕಾನೂನಿಗೆ ಅಪರಿಚಿತವಾದ ದಾರಿಯಲ್ಲ. 1985ರ ಮಾದಕ ದ್ರವ್ಯ ಕಾಯ್ದೆಯ 39ನೇ ಕಲಂ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು ಕೂಡಲೇ ಜೈಲಿಗೆ ಕಳಿಸದೆ ವ್ಯಸನಮುಕ್ತಿ ಚಿಕಿತ್ಸೆಗೆ ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಗಾಂಜಾ ಸೇದಿದವನಿಗೆ ತೆರೆದ ಬಾಗಿಲನ್ನು ಕುಡಿದವನಿಗೆ ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯ ಸಲ ಸಿಕ್ಕವನು ಮದ್ಯದ ಕುರಿತ ಶಿಕ್ಷಣ, ಆಪ್ತಸಮಾಲೋಚನೆಗಳ 18 ತಿಂಗಳ ಕಾರ್ಯಕ್ರಮಕ್ಕೆ ಹೋಗಬೇಕಾಗುತ್ತದೆ. ಇಂಥ ಕಾರ್ಯಕ್ರಮಗಳ ಕುರಿತ 215 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 1995ರ ವಿಮರ್ಶೆಯೊಂದು, ಮತ್ತೆ ಕುಡಿದು ಓಡಿಸುವುದು ಶೇ. 7ರಿಂದ 9ರಷ್ಟು ಕಡಿಮೆಯಾಗುತ್ತದೆ ಎಂದಿತು. ಶಿಕ್ಷಣ, ಆಪ್ತಸಮಾಲೋಚನೆ, ನಂತರದ ನಿಗಾ ಮೂರೂ ಕೂಡಿದಾಗ ಫಲ ಹೆಚ್ಚೆಂದೂ ಹೇಳಿತು. ಇದು ಪವಾಡವಲ್ಲ, ಆದರೆ ರಸ್ತೆಯಲ್ಲಿ ಎದುರಿನಿಂದ ಬರುವವರ ಜೀವಕ್ಕೆ ಸಂಬಂಧಿಸಿದ ಲೆಕ್ಕ.

ವಿರೋಧ

ಕುಡಿತದ ಚಟ ಕಾಯಿಲೆ ಎಂಬುದನ್ನು ಒಪ್ಪುತ್ತೇನೆ. ಒಪ್ಪುವುದರಿಂದಲೇ ಅದನ್ನು ಶಿಕ್ಷೆಯ ಪಟ್ಟಿಗೆ ಸೇರಿಸಬಾರದು ಎನ್ನುತ್ತೇನೆ. ಮೇಲೆ ಹೇಳಿದ 39ನೇ ಕಲಮಿನಲ್ಲಿಯೇ ಆ ವ್ಯಕ್ತಿಯ ಒಪ್ಪಿಗೆಯ ಮೇರೆಗೆ ಎಂಬ ಷರತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದ್ದು, ಚಿಕಿತ್ಸೆಗೆ ರೋಗಿಯ ತಿಳಿವಳಿಕೆಯುಳ್ಳ ಸಮ್ಮತಿ ಬೇಕೆಂಬುದು ಅದರ ಮೂಲ ನಿಲುವು.

ಕಡ್ಡಾಯ ಎಂದ ಕೂಡಲೇ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಜಿಲ್ಲಾ ಆಸ್ಪತ್ರೆ ಇರುವುದು ಜಿಲ್ಲಾ ಕೇಂದ್ರದಲ್ಲಿ. ಜಗಳೂರಿನ ಹಳ್ಳಿಯವನು ಪ್ರತಿ ಭೇಟಿಗೂ ಒಂದು ದಿನದ ಕೂಲಿ ಬಿಡಬೇಕು. ಆ ಕೊರತೆಯನ್ನು ತುಂಬುವವಳು ಮತ್ತೆ ಅದೇ ಹೆಂಡತಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರಿನ ಬಳಿ ಸಿಕ್ಕಿಬಿದ್ದ ಹೊರರಾಜ್ಯದ ಲಾರಿ ಚಾಲಕನ 18 ತಿಂಗಳ ಚಿಕಿತ್ಸೆಯನ್ನು ಯಾವ ಊರಿನ ಯಾವ ಆಸ್ಪತ್ರೆ ನೋಡಿಕೊಳ್ಳಬೇಕು? ಉತ್ತರವಿಲ್ಲದ ಕಡೆ ಪ್ರಮಾಣಪತ್ರದ ವ್ಯಾಪಾರ ಹುಟ್ಟುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ, ದಿಕ್ಕುತಪ್ಪಿ ಮಾತನಾಡುವ ಸನ್ನಿ ಏರಬಹುದು, ಅದು ಜೀವವನ್ನೂ ತೆಗೆಯಬಹುದು. ಅಂಥವನಿಗೆ ಬೇಕಾದದ್ದು ಬಿ1 ಜೀವಸತ್ವ, ನಡುಕ ತಗ್ಗಿಸುವ ಔಷಧಿ, ರಾತ್ರಿಯಿಡೀ ಗಮನವಿಡುವ ದಾದಿ. ನ್ಯಾಯಾಲಯದ ಗಡುವಿಗೆ ಹೆದರಿ ವೈದ್ಯರಿಲ್ಲದ ಕೇಂದ್ರಕ್ಕೆ ಸೇರಿದವನು, ಬಾಗಿಲು ಹಾಕಿದ ಕೋಣೆಯಲ್ಲಿ ಇವ್ಯಾವುವೂ ಇಲ್ಲದೆ ಆ ರಾತ್ರಿಗಳನ್ನು ಕಳೆಯಬೇಕಾದೀತು.

ಎದುರಿನಿಂದ ಬರುವವರ ಜೀವ ಉಳಿಸುವುದೇ ಗುರಿಯಾದರೆ ಮೊದಲು ಲೈಸೆನ್ಸ್ ಕೈಬಿಡಿಸಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅದನ್ನು ಮರಳಿ ಪಡೆಯುವ ಮುನ್ನ ಚಾಲಕರು ಪುನರ್ ತರಬೇತಿ ಮುಗಿಸಬೇಕೆಂದು ಹೇಳಿದೆ. ಮದ್ಯದ ಪಾಠವನ್ನು ಅಲ್ಲಿಯೇ ಸೇರಿಸಬಹುದು. ಬ್ರಿಟನ್ನಿನಲ್ಲಿ ಇಂಥ ತರಗತಿ ಐಚ್ಛಿಕ: ಮುಗಿಸಿದವರ ಚಾಲನಾ ನಿಷೇಧದ ಅವಧಿಯಲ್ಲಿ ಹೆಚ್ಚೆಂದರೆ ಕಾಲುಭಾಗದಷ್ಟು ಕಡಿತವಾಗುತ್ತದೆ. ಮನಸ್ಸಿಟ್ಟು ಬಂದವನು ಕಲಿಯುತ್ತಾನೆ, ಬಾರದವನು ಪೂರ್ತಿ ಅವಧಿ ಗಾಡಿ ಮುಟ್ಟುವುದಿಲ್ಲ. ಉಳಿದಂತೆ, ದಂಡದ ರಸೀದಿಯೊಂದಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದ ವಾರ, ವೇಳೆ ಮತ್ತು ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಬರೆದ ಚೀಟಿಯನ್ನು ನ್ಯಾಯಾಲಯ ಅವನ ಕೈಗೂ, ಜೊತೆಗೆ ಬಂದ ಮನೆಯವರ ಕೈಗೂ ಕೊಡಲಿ.