ಮರಳುಗಾಡಿಗೆ ಡಿಜೆ ಯಾಕೆ ಬೇಕು?

ನಿನ್ನೆ ರಾಜಸ್ಥಾನದ ಜೈಸಲ್ಮೇರ್‌ನಿಂದ ಪುಣೆಗೆ ಬಂದಿಳಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಎಂಬ ಊರು ಸಿಗುತ್ತದೆ. ಮರಳುದಿಬ್ಬಗಳ ಮಗ್ಗುಲಲ್ಲೇ ಸಾಲು ಸಾಲು ಟೆಂಟು. ನಾವು ಉಳಿದದ್ದು ದುಬಾರಿ ಕ್ಯಾಂಪು. ಎಸಿ, ಬಿಸಿನೀರು, ಮೆತ್ತನೆ ಹಾಸಿಗೆ ಎಲ್ಲ ಇತ್ತು. ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ ಬಡಿಸಿದರು, ವಿಜಯಪುರದ ಕಡೆಯವನಿಗೆ ಇನ್ನೇನು ಬೇಕು! ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ರಾತ್ರಿಯ ಗದ್ದಲದ ಬಗ್ಗೆ.

ಸಂಜೆ ಅಲ್ಲಿನ ಜಾನಪದ ಹಾಡುಗಾರ ಸಮುದಾಯವಾದ ಮಾಂಗಣಿಯಾರ್ ಕಲಾವಿದರು ಬಂದರು. ಹಿರಿಯರ ಕೈಯಲ್ಲಿ ಕಮಾಯ್ಚಾ, ಮಾವಿನ ಮರಕ್ಕೆ ಆಡಿನ ಚರ್ಮ ಹೊದಿಸಿ ಕಮಾನಿನಿಂದ ನುಡಿಸುವ ವಾದ್ಯ. ಹುಡುಗನ ಕೈಯಲ್ಲಿ ಖರ್ತಾಲ್, ಅಂದರೆ ಮರದ ತಾಳ. ಇವರು ಮುಸ್ಲಿಮರು, ಆದರೆ ತಲೆತಲಾಂತರದಿಂದ ಹಿಂದೂ ಮನೆತನಗಳ ಮದುವೆಗೆ, ಮಗು ಹುಟ್ಟಿದ ಸಂಭ್ರಮಕ್ಕೆ ಹಾಡುತ್ತ ಬಂದವರು, ಕೃಷ್ಣನ ಹಾಡೂ ಹಾಡುತ್ತಾರೆ. ಹಿಂದೂ ಮುಸ್ಲಿಂ ಕೂಡಿ ಮೊಹರಂ ಪದ ಹಾಡುವ ಊರಿನಿಂದ ಬಂದ ನನಗೆ ಕಣ್ಣು ತುಂಬಿತು. ಎರಡು ಹಾಡು ಮುಗಿದಿತ್ತಷ್ಟೇ. ಪಕ್ಕದ ಕ್ಯಾಂಪಿನಲ್ಲಿ ಡಿಜೆ ಶುರುವಾಯಿತು, ನಮ್ಮ ಕ್ಯಾಂಪಿನವರೂ ಡಿಜೆ ಹಾಕಿ ಪೈಪೋಟಿಗೆ ಬಿದ್ದರು. ಆ ಹಿರಿಯರು ಸುಮ್ನೆ ಕಮಾಯ್ಚಾಗೆ ಬಟ್ಟೆ ಸುತ್ತಿಕೊಂಡು ಎದ್ದರು. ಅವರಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ಮ್ಯಾನೇಜರ್‌ನನ್ನು ಕೇಳಿದೆ. "ಸರ್, ನಿಮ್ಮ ಪುಣೆ, ಮುಂಬೈ ಗೆಸ್ಟ್‌ಗಳೇ ಕೇಳ್ತಾರೆ" ಅಂದ. ಇದು ನನಗೆ ಜಾಸ್ತಿ ನೋವು ಕೊಟ್ಟಿತು. ಗಣಪತಿ ಮೆರವಣಿಗೆಯ ಡಿಜೆಗೆ ಮನೆಯ ಕಿಟಕಿ ನಡುಗುತ್ತದೆ ಅಂತ ಪ್ರತಿ ವರ್ಷ ಬೈಯುವವರು ನಾವೇ ಅಲ್ವಾ? ಅಷ್ಟು ದೂರ ಹೋಗಿ ಅದೇ ಗದ್ದಲಕ್ಕೆ ದುಡ್ಡು ಕೊಡುವುದು ಯಾಕೆ?

ಅಲ್ಲಿ ಬೇರೆ ಜೀವಗಳೂ ಇವೆ. ಪಕ್ಕದಲ್ಲೇ 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ. ಗೋಡಾವಣ್, ಅಂದರೆ ನಮ್ಮ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇನ್ನೂ ಉಳಿದಿರುವ ಮುಖ್ಯ ಜಾಗ ಅದು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಭಾರದ ಹಕ್ಕಿ, ಎದುರಿನ ವಿದ್ಯುತ್ ತಂತಿ ಸರಿಯಾಗಿ ಕಾಣದೆ ಡಿಕ್ಕಿ ಹೊಡೆದು ಸಾಯುತ್ತದೆ. ಆ ತಂತಿಗಳ ವಿಷಯದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನೇ ಕೊಡಬೇಕಾಯಿತು. ಪುಣೆಯಿಂದ ಊರಿಗೆ ಹೋಗುವಾಗ ಸೋಲಾಪುರ ದಾಟುತ್ತೇವಲ್ಲ, ಅಲ್ಲೇ ನಾನ್ನಜದಲ್ಲಿ ಇದೇ ಹಕ್ಕಿಗಾಗಿ ಅಭಯಾರಣ್ಯವಿದೆ. ಇವತ್ತು ಅಲ್ಲಿ ಹಕ್ಕಿ ಕಾಣುವುದೇ ಅಪರೂಪ. ಉಳಿದಿರುವ ಕೊನೆಯ ನೆಲದ ಅಂಚಿನಲ್ಲಿ ಸ್ಪೀಕರ್ ಇಟ್ಟು, ದಿಬ್ಬಗಳ ಮೇಲೆ ಜೀಪು ಹಾರಿಸುವುದು ನನಗಂತೂ ಸಹಿಸಲಾಗುವುದಿಲ್ಲ.

"ಅಲ್ಲಿನವರಿಗೆ ಕೆಲಸ ಸಿಗುತ್ತದಲ್ಲ, ನಿನಗೇನು ಕಷ್ಟ" ಅಂತ ಜೊತೆಗೆ ಬಂದಿದ್ದ ಭಾವ ಕೇಳಿದರು. ಕೆಲಸ ಸಿಗಲಿ ಭಾವ, ಯಾರು ಬೇಡ ಅಂದರು? ಒಂಟೆಯವರು, ಅಡುಗೆಯವರು, ಹಾಡುವವರು ಬದುಕಬೇಕು. ಆದರೆ ಡಿಜೆ ಕಿತ್ತುಕೊಂಡದ್ದು ಆ ಹಾಡುವವರ ಹೊತ್ತನ್ನೇ!

ದೀಪಾವಳಿಗೆ ಹೊರಟಿರುವ ಪುಣೆಯ ಗೆಳೆಯರೇ, ದುಡ್ಡು ಕಟ್ಟುವ ಮೊದಲು ಕ್ಯಾಂಪಿನವರಿಗೆ ಫೋನ್ ಮಾಡಿ, ರಾತ್ರಿ ಡಿಜೆ ಇದೆಯಾ ಅಂತ ಕೇಳಿ. ಇದೆ ಅಂದರೆ, ಅದೇ ಕಾರಣಕ್ಕೆ ಬರುತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿ.