ಉಚಿತವಾಗಿ ಕೊಟ್ಟರೆ ಯಾರು ಕೊಳ್ಳುತ್ತಾರೆ?

ಆ್ಯಪ್ ರೂಪಿಸುವ ಗೆಳೆಯರೊಡನೆ ಮಾತಿಗೆ ಕುಳಿತಾಗಲೆಲ್ಲ ಒಂದು ಅಳುಕು ಎದುರಾಗುತ್ತದೆ: ಉಚಿತ ಆವೃತ್ತಿಯನ್ನು ಕೊಟ್ಟುಬಿಟ್ಟರೆ ಹಣ ಕೊಟ್ಟು ಕೊಳ್ಳುವವರು ಯಾರು? ಈ ಅಳುಕಿಗೆ ಹೆಚ್ಚಿನ ಆಧಾರವಿಲ್ಲವೆಂದು ನಾನು ನಂಬಿದ್ದೇನೆ. ಎಲ್ಲಿಯವರೆಗೆ ಉಚಿತ, ಎಲ್ಲಿಂದ ಹಣ ಎಂಬ ಗೆರೆಯನ್ನು ಹೇಗೆ ಎಳೆಯುತ್ತೇವೆ ಎಂಬುದರ ಮೇಲೆ ಮಾರಾಟ ನಿಂತಿದೆ.

2016ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಕಂಪನಿ ಐಫೋನ್‌ಗೆ ತಂದ ‘ಸೂಪರ್ ಮಾರಿಯೊ ರನ್’ ಆಟವನ್ನೇ ನೋಡಿ. ಆರಂಭದ ಕೆಲವು ಹಂತಗಳು ಉಚಿತ. ಮುಂದಿನದಕ್ಕೆ ಅಮೆರಿಕದಲ್ಲಿ ಒಂದೇ ಬಾರಿಗೆ 9.99 ಡಾಲರ್. ಆಟದ ರುಚಿ ಹತ್ತುವಷ್ಟರಲ್ಲಿ ಹಣ ಕೇಳಿದ್ದಕ್ಕೆ ಸಿಟ್ಟಾದ ಬಹಳಷ್ಟು ಮಂದಿ ಒಂದೇ ಸ್ಟಾರ್ ಕೊಟ್ಟು ಹೋದರು. 2017ರ ಜನವರಿ ಕೊನೆಗೆ ಕಂಪನಿ ಕೊಟ್ಟ ಲೆಕ್ಕದಂತೆ ಡೌನ್‌ಲೋಡ್ 7.8 ಕೋಟಿ, ಕೊಂಡವರು ಶೇ. 5ಕ್ಕಿಂತ ಹೆಚ್ಚು, ಆದಾಯ 5.3 ಕೋಟಿ ಡಾಲರ್. ಶೇ. 5 ಎಂಬುದನ್ನಷ್ಟೇ ಹಿಡಿದು ಇದನ್ನು ಸೋಲು ಎಂದವರುಂಟು. ಆದರೆ ಅದು ಕಡಿಮೆಯೆಂದರೂ 39 ಲಕ್ಷ ಜನ. ಆಡಿ ನೋಡುವ ಅವಕಾಶವೇ ಇಲ್ಲದಿದ್ದರೆ ಅಷ್ಟು ಬೆಲೆಯ ಮೊಬೈಲ್ ಆಟವನ್ನು ಅಷ್ಟು ಜನ ಆರೇಳು ವಾರಗಳಲ್ಲಿ ಕೊಳ್ಳುತ್ತಿದ್ದರೆಂದು ನಾನು ನಂಬಲಾರೆ. ಕಂಪನಿ ಎಡವಿದ್ದು ಉಚಿತವಾಗಿ ಕೊಟ್ಟದ್ದರಲ್ಲಿ ಅಲ್ಲ, ತೀರಾ ಬೇಗ ಬಾಗಿಲು ಹಾಕಿದ್ದರಲ್ಲಿ.

ನಾವು ಕೊಡದಿದ್ದರೆ ಬೇರೆಯವರು ಕೊಡುತ್ತಾರೆ ಎಂಬುದೂ ಇದೆ. ಹದಿನಾಲ್ಕು ತಿಂಗಳು ದುಡಿದು ರೂಪಿಸಿದ ‘ಥ್ರೀಸ್’ ಎಂಬ ಸಂಖ್ಯೆಗಳ ಆಟ 2014ರ ಫೆಬ್ರುವರಿಯಲ್ಲಿ 1.99 ಡಾಲರ್ ಬೆಲೆಗೆ ಬಂತು. ಮರುತಿಂಗಳೇ ಅದನ್ನು ಹೋಲುವ ‘2048’ ಉಚಿತವಾಗಿ ಬಂದು ಜಗತ್ತಿನೆಲ್ಲೆಡೆ ಹರಡಿತು. ಥ್ರೀಸ್ ತಂಡ ಜಾಹೀರಾತುಳ್ಳ ಉಚಿತ ಆವೃತ್ತಿಯನ್ನು ತಂದದ್ದು 2015ರಲ್ಲಿ. ಆ ತಡ ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.

ಕಾಗದಪತ್ರ ಸ್ಕ್ಯಾನ್ ಮಾಡುವ ಆ್ಯಪ್ ಒಂದರ ಉಚಿತ ಆವೃತ್ತಿಯನ್ನು ನಾನು ವರ್ಷಕ್ಕೂ ಹೆಚ್ಚು ಕಾಲ ಬಳಸಿದೆ. ಮನೆಯ ಬಿಲ್ಲುಗಳಿಗೆ ಅದು ಸಾಕಾಗಿತ್ತು. ಮಗಳ ಅಂಕಪಟ್ಟಿಯನ್ನು ಕಾಲೇಜಿಗೆ ಕಳಿಸುವ ದಿನ ಪುಟದ ಕೆಳಗೆ ಆ್ಯಪ್‌ನ ಹೆಸರು ಮೂಡಿರುವುದು ಕಣ್ಣಿಗೆ ಕುಕ್ಕಿತು; ಅಲ್ಲೇ ಹಣ ಕಟ್ಟಿದೆ. ಆ ಗೆರೆಯನ್ನು ಎಳೆದವರಿಗೆ ಬಳಕೆದಾರನ ಅಗತ್ಯ ಯಾವಾಗ ಬೆಳೆಯುತ್ತದೆ ಎಂಬುದು ಗೊತ್ತಿತ್ತು.

ಹೊಸದಾಗಿ ಆ್ಯಪ್ ತರುವವರು ಈ ಗೆರೆಯನ್ನು ಬಿಡುಗಡೆಗೆ ಮೊದಲೇ ತೀರ್ಮಾನಿಸಬೇಕು. ಗೂಗಲ್ ಪ್ಲೇಯಲ್ಲಿ ಒಮ್ಮೆ ಉಚಿತವಾಗಿ ಕೊಟ್ಟ ಆ್ಯಪ್‌ಗೆ ಆಮೇಲೆ ಬೆಲೆ ಕಟ್ಟಲು ಬರುವುದಿಲ್ಲ. ಒಂದೋ ಆ್ಯಪ್‌ನ ಒಳಗೆ ಸೌಲಭ್ಯಗಳನ್ನು ಮಾರಬೇಕು, ಇಲ್ಲವೇ ಬೇರೆ ಆ್ಯಪ್ ಆಗಿ ಮೊದಲಿನಿಂದ ಶುರು ಮಾಡಬೇಕು. ಆಗ ಅಲ್ಲಿಯವರೆಗೆ ಗಳಿಸಿದ ರೇಟಿಂಗ್, ವಿಮರ್ಶೆಗಳೆಲ್ಲ ಹಳೆಯದರಲ್ಲೇ ಉಳಿದುಬಿಡುತ್ತವೆ.